ಸೋತವರಿಗಾಗಿ ಎಣಿಕೆ

ಬ್ಯಾಂಕಿನ ಕೌಂಟರಿನ ಬಳಿ ತೂಗುಹಾಕಿದ ಒಂದು ಫಲಕವನ್ನು ನಾವೆಲ್ಲರೂ ಓದಿದ್ದೇವೆ. ಹಣವನ್ನು ಎಣಿಸಿಕೊಂಡ ಮೇಲೆಯೇ ಕೌಂಟರನ್ನು ಬಿಡಬೇಕೆಂಬುದು ಅದರ ಸಾರ. ಗುಮಾಸ್ತರು ಒಮ್ಮೆ ಎಣಿಸಿರುತ್ತಾರೆ. ಈಚೆಗೆ ಯಂತ್ರವೂ ಎಣಿಸಿರುತ್ತದೆ. ಆದರೂ ನಾವು ಮತ್ತೊಮ್ಮೆ ಎಣಿಸುತ್ತೇವೆ. ಅದರಿಂದ ಗುಮಾಸ್ತರಿಗೆ ಅವಮಾನವಾಗುವುದಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಕೊಂಚ ಗೊಣಗಿಯಾರು, ಅಷ್ಟೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು ಕೊಂಡು, ಚಿಲ್ಲರೆಯನ್ನು ಅಂಗಡಿಯ ಮುಂದೆಯೇ ಎಣಿಸಿ ಚೀಲಕ್ಕೆ ಹಾಕುವ ಗೃಹಿಣಿಯನ್ನು ಯಾರೂ ಸಂಶಯಪಿಶಾಚಿಯೆಂದು ಕರೆಯುವುದಿಲ್ಲ. ಲೆಕ್ಕ ಲೆಕ್ಕವೇ, ಸ್ನೇಹ ಸ್ನೇಹವೇ.

ಆದರೆ ಮತಗಳ ಲೆಕ್ಕದಲ್ಲಿ ನಮ್ಮ ಧೋರಣೆ ಬೇರೆ. ಸೋತ ಅಭ್ಯರ್ಥಿ ಮರುಎಣಿಕೆ ಕೇಳಿದನೆಂದರೆ, ‘ಸೋಲನ್ನು ಒಪ್ಪಲಾರದ ಹಟಮಾರಿ’ ಎಂದು ಮೂಗು ಮುರಿಯುತ್ತೇವೆ. ಅತ್ತ ಪಟಾಕಿ ಸಿಡಿಯುತ್ತಿರುವಾಗ ಇತ್ತ ಕಾಗದ ಹಿಡಿದು ನಿಂತವನ ಮುಖ ಯಾರಿಗೂ ಪ್ರಿಯವಾಗದು. ವಾಚಕರು ಕೊಂಚ ಯೋಚಿಸಬೇಕು. ಗೆದ್ದವನಿಗೆ ಎಣಿಕೆಯ ವಿಷಯದಲ್ಲಿ ಎಂದೂ ಸಂಶಯ ಬರುವುದಿಲ್ಲ. ತಾನು ನಿಜವಾಗಿಯೇ ಸೋತೆನೆಂಬ ನಂಬಿಕೆ ಹುಟ್ಟಬೇಕಾದುದು ಸೋತವನಲ್ಲಿ, ಅವನಿಗೆ ಮತವಿತ್ತ ಸಾವಿರಾರು ಮಂದಿಯಲ್ಲಿ. ಎಣಿಕೆಯ ಅರ್ಧ ಭಾಗ ಗೆದ್ದವರಾರೆಂದು ತಿಳಿಯುವುದಕ್ಕಾದರೆ, ಉಳಿದರ್ಧ ಸೋತವರನ್ನು ಒಪ್ಪಿಸುವುದಕ್ಕೆ.

ನಮ್ಮ ಕಾನೂನು ಇದನ್ನು ಅರಿತೇ ರಚಿತವಾಗಿದೆ. ೧೯೬೧ರ ಚುನಾವಣೆ ನಡೆಸುವ ನಿಯಮಗಳಲ್ಲಿ ೬೩ನೆಯದು ಮರುಎಣಿಕೆಯದು. ಎಣಿಕೆ ಮುಗಿದೊಡನೆ ಚುನಾವಣಾಧಿಕಾರಿ ಪ್ರತಿಯೊಬ್ಬ ಅಭ್ಯರ್ಥಿ ಪಡೆದ ಒಟ್ಟು ಮತಗಳನ್ನು ಘೋಷಿಸಬೇಕು. ಅನಂತರ ಅಭ್ಯರ್ಥಿಯಾಗಲಿ ಏಜೆಂಟನಾಗಲಿ ಕಾರಣಗಳನ್ನು ಬರೆದು ಮರುಎಣಿಕೆ ಕೇಳಬಹುದು. ಅದಕ್ಕೆ ತಕ್ಕಷ್ಟು ಸಮಯವನ್ನು ಕೊಡಲೇಬೇಕು. ಅಧಿಕಾರಿ ಪೂರ್ಣವಾಗಿಯೋ ಭಾಗಶಃವೋ ಒಪ್ಪಬಹುದು, ಹುರುಳಿಲ್ಲದ ಕೋರಿಕೆಯಾದರೆ ತಳ್ಳಿಹಾಕಬಹುದು. ಆದರೆ ಯಾವುದನ್ನು ಮಾಡಿದರೂ ಕಾರಣವನ್ನು ಬರೆದೇ ಮಾಡಬೇಕು. ಫಲಿತಾಂಶದ ಅಂತಿಮ ಪತ್ರಕ್ಕೆ, ಅಂದರೆ ೨೦ನೆಯ ನಮೂನೆಗೆ, ಅವರ ಸಹಿ ಬಿದ್ದ ಮೇಲೆ ಯಾವ ಅರ್ಜಿಯೂ ನಡೆಯದು. ಕೌಂಟರನ್ನು ಬಿಟ್ಟ ಮೇಲೆ ಬ್ಯಾಂಕು ಕೇಳುವುದಿಲ್ಲವೆಂಬಂತೆಯೇ ಇದೂ. ಅಂತರ ಇಷ್ಟಕ್ಕಿಂತ ಕಡಿಮೆಯಾದರೆ ಎಲ್ಲ ಮತಗಳನ್ನೂ ತಾನಾಗಿಯೇ ಮತ್ತೆ ಎಣಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ. ಕೇಳಿದವರಿಗುಂಟು, ಕೇಳದವರಿಗಿಲ್ಲ.

ಯಂತ್ರದ ಕಾಲದಲ್ಲಿ ಮರುಎಣಿಕೆ ಮಾಡುವುದಾದರೂ ಏನನ್ನು ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ೨೦೦೪ರ ಮಹಾಚುನಾವಣೆಯಲ್ಲಿ ಇಡೀ ದೇಶವೇ ಮತಯಂತ್ರದ ಗುಂಡಿ ಒತ್ತಿತು. ಆ ಯಂತ್ರವನ್ನು ಹತ್ತು ಸಲ ಕೇಳಿದರೂ ಅದು ಅದೇ ಸಂಖ್ಯೆಯನ್ನೇ ಹೇಳುತ್ತದೆ. ಮತದಾರನಿಗೆ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುವ ಚೀಟಿಗಳನ್ನೂ, ೨೦೧೯ರ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ, ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳಲ್ಲಿ ಯಂತ್ರದ ಲೆಕ್ಕದೊಡನೆ ತಾಳೆ ನೋಡುತ್ತಾರೆ. ಯಂತ್ರದ ಸಂಖ್ಯೆಯನ್ನು ಕಾಗದಕ್ಕೆ ಇಳಿಸುವ ಕೈ ತಪ್ಪಬಹುದು, ಕೂಡುವಾಗ ತಪ್ಪಬಹುದು. ಆದರೆ ತೀರ ಹತ್ತಿರದ ಸ್ಪರ್ಧೆಯಲ್ಲಿ ನಿಜವಾದ ಜಗ್ಗಾಟ ನಡೆಯುವುದು ಬಹುಮಟ್ಟಿಗೆ ಕೈಯಿಂದ ಗುರುತು ಹಾಕಿದ ಕಾಗದದ ಮೇಲೆ, ಎಂದರೆ ಅಂಚೆಯ ಮತಪತ್ರದ ಮೇಲೆ.

ಈ ಕಾಗದದ ಕಥೆಯನ್ನು ತಿಳಿಯಲು ನಮ್ಮ ದಂಡು ಪ್ರದೇಶಕ್ಕಿಂತ ತಕ್ಕ ಸ್ಥಳ ಬೇರೆ ಬೇಕಿಲ್ಲ. ೧೮೦೯ರಲ್ಲಿ ಹಲಸೂರಿನ ಬಳಿ ಸೈನ್ಯ ಬೀಡುಬಿಟ್ಟುದರಿಂದಲೇ ಈ ಭಾಗಕ್ಕೆ ದಂಡೆಂಬ ಹೆಸರು ಬಂದಿತು. ಇಂದಿಗೂ ಹಲಸೂರು ಕೆರೆಯ ಆಸುಪಾಸಿನಲ್ಲಿ ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರವಿದೆ. ಬೆಳಗಿನ ಹೊತ್ತು ಕವಾಯತು ಮಾಡುವ ಆ ತರುಣರ ಮತ ಸಾಮಾನ್ಯವಾಗಿ ಇರುವುದು ಹಲಸೂರಿನಲ್ಲಲ್ಲ, ದಕ್ಷಿಣದ ಯಾವುದೋ ರಾಜ್ಯದ ಯಾವುದೋ ಹಳ್ಳಿಯಲ್ಲಿ. ೨೦೧೬ರಿಂದ ಸೈನಿಕನಿಗೆ ಖಾಲಿ ಮತಪತ್ರ ವಿದ್ಯುನ್ಮಾನ ಮಾರ್ಗದಲ್ಲಿ ಬಂದು ತಲಪುತ್ತದೆ. ಗುರುತು ಹಾಕಿದ ಪತ್ರ ಮಾತ್ರ ಅಂಚೆಯಲ್ಲಿಯೇ ಹಿಂದಿರುಗಬೇಕು. ಎಣಿಕೆ ಆರಂಭವಾಗುವ ಹೊತ್ತಿಗೆ ಅದು ಚುನಾವಣಾಧಿಕಾರಿಯ ಕೈ ಸೇರಿರಬೇಕು. ಒಂದು ಗಳಿಗೆ ತಡವಾದರೂ ಅದು ಮತವಲ್ಲ, ಬರಿಯ ಲಕೋಟೆ.

ಹೊತ್ತಿಗೆ ಬಂದರೂ ಅದರ ಕಷ್ಟ ಮುಗಿಯುವುದಿಲ್ಲ. ಹೊರಗಿನ ಲಕೋಟೆಯಲ್ಲಿ ಮತದಾರನ ಘೋಷಣಾ ಪತ್ರವೊಂದು, ಒಳಗಿನ ಲಕೋಟೆಯೊಂದು. ಘೋಷಣಾ ಪತ್ರವಿಲ್ಲದಿದ್ದರೆ, ಅದಕ್ಕೆ ಸಹಿಯಾಗಲಿ ತಕ್ಕ ದೃಢೀಕರಣವಾಗಲಿ ಇಲ್ಲದಿದ್ದರೆ, ಒಳಗಿನ ಲಕೋಟೆಯನ್ನು ತೆರೆಯುವುದೇ ಇಲ್ಲ. ತೆರೆದ ಮೇಲೆಯೂ ಇಬ್ಬರಿಗೆ ಗುರುತು ಹಾಕಿದ್ದರೆ, ಯಾರಿಗೂ ಹಾಕದಿದ್ದರೆ, ಮತದಾರನಾರೆಂದು ಹೊರಗೆಡಹುವ ಬರಹವೇನಾದರೂ ಇದ್ದರೆ ಅದು ತಿರಸ್ಕೃತ. ಇದು ಸೈನಿಕರ ಪಾಡು ಮಾತ್ರವಲ್ಲ. ಕರ್ನಾಟಕದ ೨೦೨೩ರ ವಿಧಾನಸಭಾ ಚುನಾವಣೆಯಲ್ಲಿ ೮೦ ದಾಟಿದ ಹಿರಿಯರಿಗೂ ಅಂಗವಿಕಲರಿಗೂ ಮನೆಯಲ್ಲಿಯೇ ಮತ ಹಾಕುವ ಅನುಕೂಲ ದೊರೆಯಿತು; ೨೦೨೪ರಲ್ಲಿ ಹಿರಿಯರ ವಯೋಮಿತಿ ೮೫ಕ್ಕೆ ಏರಿತು. ಅದೂ ಕಾಗದದ ಮತವೇ. ನಡುಗುವ ಕೈಯಿಂದ ಅಜ್ಜಿ ಹಾಕಿದ ಸಹಿ ಸರಿಯಾಗಿದೆಯೆ ಎಂಬುದರ ಮೇಲೆ ಒಂದು ಕ್ಷೇತ್ರದ ಭವಿಷ್ಯ ನಿಂತೀತೆಂದು ಆ ಮನೆಯಲ್ಲಿ ಯಾರೂ ಎಣಿಸಿರಲಾರರು.

ನಿಲ್ಲುವುದುಂಟು. ಆ ೨೦೨೩ರ ಚುನಾವಣೆಯನ್ನೇ ನೋಡೋಣ. ಗಾಂಧಿನಗರದಲ್ಲಿ ಅಂತರ ೧೦೫, ಶೃಂಗೇರಿಯಲ್ಲಿ ೨೦೧, ಮಾಲೂರಿನಲ್ಲಿ ೨೪೮. ಎಲ್ಲಕ್ಕಿಂತ ಕಿರಿದಾದುದು ಬೆಂಗಳೂರಿನ ಜಯನಗರದಲ್ಲಿ. ಮೇ ೧೩ರಂದು ಅಲ್ಲಿ ಮೊದಲ ಎಣಿಕೆ ಮುಗಿದಾಗ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರು ಮುಂದಿದ್ದರು. ಭಾರತೀಯ ಜನತಾ ಪಕ್ಷದವರು ಮರುಎಣಿಕೆ ಬೇಡಿದರು. ತಿರಸ್ಕೃತವಾಗಿದ್ದ ಅಂಚೆ ಮತಗಳೇ ವಿವಾದದ ನಡುಬಿಂದುವಾದವು. ಹೊರಗೆ ಎರಡೂ ಪಕ್ಷದವರ ಗುಂಪು, ಘೋಷಣೆ, ಪೋಲೀಸರ ಕಾವಲು. ರಾತ್ರಿ ಬಹಳ ಹೊತ್ತಾದ ಮೇಲೆ ಹೊರಬಿದ್ದ ಫಲಿತಾಂಶ ಹೀಗಿತ್ತು: ಸಿ. ಕೆ. ರಾಮಮೂರ್ತಿಯವರಿಗೆ ೫೭,೭೯೭, ಸೌಮ್ಯಾ ರೆಡ್ಡಿಯವರಿಗೆ ೫೭,೭೮೧. ಅಂತರ ಹದಿನಾರು. ಒಂದು ಸಾಧಾರಣ ಕೂಡುಕುಟುಂಬದಲ್ಲಿ ಹಬ್ಬದ ದಿನ ಎಲೆಗೆ ಕುಳಿತುಕೊಳ್ಳುವವರ ಸಂಖ್ಯೆ ಅದು.

ಗೆಲವಿನ ಅಂತರವು ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆಯಾದರೆ ಆ ತಿರಸ್ಕೃತ ಮತಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕೆಂದು ಚುನಾವಣಾ ಆಯೋಗದ ಸೂಚನೆಯೇ ಇದೆ. ಆದರೆ ಒಮ್ಮೆ ಬೇಡವೆಂದು ಬದಿಗಿಟ್ಟ ಕಾಗದ ಮತ್ತೆ ಮೇಜಿಗೆ ಬಂದಾಗ, ಅದರಿಂದ ನಷ್ಟ ಹೊಂದಿದವರಿಗೆ ಅನುಮಾನ ಬಾರದಿರುವುದು ಕಷ್ಟ. ಮೊದಲು ಏಕೆ ತಿರಸ್ಕರಿಸಿದರು, ಈಗ ಏಕೆ ಪುರಸ್ಕರಿಸಿದರು ಎಂಬುದನ್ನು ಎರಡು ಪಕ್ಷದವರ ಎದುರಿಗೆ ತೋರಿಸಿ, ಒಂದೊಂದಕ್ಕೂ ಕಾರಣ ಬರೆದಿಡುವುದೊಂದೇ ಇದಕ್ಕೆ ಮದ್ದು.

ಒಂದೇ ಕಾಗದ ಎಷ್ಟು ದೂರ ಕರೆದೊಯ್ಯಬಲ್ಲದೆಂಬುದಕ್ಕೆ ಅಮೆರಿಕದ ವರ್ಜೀನಿಯ ಪ್ರಾಂತದ ೨೦೧೭ರ ಪ್ರಸಂಗವನ್ನು ನೋಡಬಹುದು. ಅಲ್ಲಿ ಡೇವಿಡ್ ಯಾನ್ಸಿ ಎಂಬವರು ಮೊದಲ ಎಣಿಕೆಯಲ್ಲಿ ಹತ್ತು ಮತಗಳಿಂದ ಮುಂದಿದ್ದರು. ಮರುಎಣಿಕೆಯಲ್ಲಿ ಶೆಲ್ಲಿ ಸೈಮಂಡ್ಸ್ ಎಂಬಾಕೆ ಒಂದು ಮತದಿಂದ ಮುಂದಾದರು. ಮರುದಿನ ನ್ಯಾಯಾಧೀಶರು, ಇಬ್ಬರ ಹೆಸರಿಗೂ ಗುರುತು ಬಿದ್ದಿದ್ದ ಒಂದು ಮತಪತ್ರವನ್ನು ಯಾನ್ಸಿಯವರದೆಂದು ತೀರ್ಮಾನಿಸಿದರು. ಇಬ್ಬರಿಗೂ ೧೧,೬೦೮! ೨೦೧೮ರ ಜನವರಿಯಲ್ಲಿ ಬಟ್ಟಲೊಂದರಿಂದ ಚೀಟಿ ಎತ್ತಿ ಯಾನ್ಸಿಯವರು ಗೆದ್ದರೆಂದು ಸಾರಿದರು. ಸದನದ ಬಹುಮತವೇ ಆ ಚೀಟಿಯನ್ನು ಅವಲಂಬಿಸಿತ್ತು. ನಗುವಂತಿಲ್ಲ, ಮತಗಳು ಸರಿಸಮವಾದರೆ ನಮ್ಮ ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯೂ ಚೀಟಿಯನ್ನೇ ಎತ್ತಿಸುತ್ತದೆ, ಚೀಟಿ ಒಲಿದವರಿಗೆ ಒಂದು ಮತ ಹೆಚ್ಚು ಬಂದಿತೆಂದು ಭಾವಿಸುತ್ತದೆ.

ಎಣಿಕೆಯ ಮೇಜಿನ ಬಳಿ ತೀರದ ವ್ಯಾಜ್ಯ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಫಲಿತಾಂಶವಾದ ೪೫ ದಿನಗಳೊಳಗೆ ತಕರಾರು ಅರ್ಜಿ ಸಲ್ಲಿಸಬೇಕು. ೧೯೬೬ರವರೆಗೆ ಇದಕ್ಕೆ ಪ್ರತ್ಯೇಕ ನ್ಯಾಯಮಂಡಳಿಗಳಿದ್ದವು. ಅಲ್ಲಿ ಮರುಎಣಿಕೆ ಸುಲಭವಾಗಿ ಸಿಕ್ಕುವುದಿಲ್ಲ. ‘ಅಂತರ ಕಡಿಮೆಯಿದೆ, ಆದುದರಿಂದ ಪೆಟ್ಟಿಗೆ ತೆರೆಯಿರಿ’ ಎಂದರೆ ಸಾಲದು. ಮತದ ಗೋಪ್ಯ ಕೆಡುವಂತಿಲ್ಲ, ನಿರ್ದಿಷ್ಟ ಸಂಗತಿಗಳನ್ನು ಮುಂದಿಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೧೯೬೪ರಷ್ಟು ಹಿಂದೆಯೇ ರಾಮಸೇವಕ ಯಾದವರ ಮೊಕದ್ದಮೆಯಲ್ಲಿ ಹೇಳಿದೆ. ನ್ಯಾಯವಾದ ಮಾತು. ಆದರೆ ನ್ಯಾಯದ ನಡಿಗೆ ನಿಧಾನವಾದುದು.

ದಂಡಿನ ರೈಲು ನಿಲ್ದಾಣದಿಂದ ಪೂರ್ವಕ್ಕೆ ಹೊರಟು ಕೃಷ್ಣರಾಜಪುರ, ವೈಟ್‌ಫೀಲ್ಡ್ ದಾಟಿದರೆ ಮಾಲೂರು ಸಿಕ್ಕುತ್ತದೆ. ೨೪೮ ಮತಗಳಿಂದ ಅಲ್ಲಿ ಕೆ. ವೈ. ನಂಜೇಗೌಡರು ಗೆದ್ದುದನ್ನು ಸೋತ ಕೆ. ಎಸ್. ಮಂಜುನಾಥಗೌಡರು ಪ್ರಶ್ನಿಸಿದರು. ಎಣಿಕೆಯ ವಿಡಿಯೊ ಚಿತ್ರವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಲಾಗಲಿಲ್ಲವೆಂಬುದು ವಿಚಾರಣೆಯಲ್ಲಿ ಮುಖ್ಯವಾಯಿತು. ೨೦೨೫ರ ಸೆಪ್ಟೆಂಬರ್ ೧೬ರಂದು ಉಚ್ಚ ನ್ಯಾಯಾಲಯ ಆಯ್ಕೆಯನ್ನು ಅನೂರ್ಜಿತಗೊಳಿಸಿ ಮರುಎಣಿಕೆಗೆ ಆದೇಶವಿತ್ತಿತು. ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆಯ್ಕೆಯ ರದ್ದತಿಯನ್ನು ತಡೆದು, ಎಣಿಕೆ ಮಾತ್ರ ನಡೆಯಲಿ, ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ಬರಲಿ ಎಂದಿತು. ನವೆಂಬರಿನಲ್ಲಿ ಕೋಲಾರದಲ್ಲಿ ಮರುಎಣಿಕೆ ನಡೆಯಿತು. ಮೊದಲ ಎಣಿಕೆಗೂ ಇದಕ್ಕೂ ನಡುವೆ ಎರಡೂವರೆ ವರ್ಷ! ಶಾಸಕತ್ವದ ಅವಧಿಯೇ ಐದು ವರ್ಷ. ಯಾರದು ಸರಿ, ಯಾರದು ತಪ್ಪು ಎಂಬುದಿರಲಿ. ಒಂದು ಚಿತ್ರಸುರುಳಿ ಸಕಾಲದಲ್ಲಿ ದೊರೆತಿದ್ದರೆ ಎರಡು ಕಡೆಯವರಿಗೂ ಎಷ್ಟು ಉಪಕಾರವಾಗುತ್ತಿತ್ತು!

ಇಂತಹ ವಿಳಂಬದ ಬೆಲೆಯನ್ನು ಮತದಾರರೇ ತೆರುತ್ತಾರೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ೨೦೧೮ರಲ್ಲಿ ಪ್ರತಾಪಗೌಡ ಪಾಟೀಲರು ೨೧೩ ಮತಗಳಿಂದ ಗೆದ್ದರು. ಸೋತ ಬಸನಗೌಡ ತುರವಿಹಾಳರು ನ್ಯಾಯಾಲಯಕ್ಕೆ ಹೋದರು. ೨೦೧೯ರ ಜುಲೈಯಲ್ಲಿ ಶಾಸಕರು ಅನರ್ಹರಾದರು. ಅದೇ ಡಿಸೆಂಬರಿನಲ್ಲಿ ರಾಜ್ಯದ ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆ ನಡೆದರೂ, ತಕರಾರು ಇತ್ಯರ್ಥವಾಗದ್ದರಿಂದ ಮಸ್ಕಿ ಕಾದು ಕುಳಿತಿತು. ಅಲ್ಲಿ ಮತದಾನವಾದುದು ೨೦೨೧ರ ಏಪ್ರಿಲಿನಲ್ಲಿ. ಆಗ ತುರವಿಹಾಳರು ಮೂವತ್ತು ಸಾವಿರಕ್ಕೂ ಮೀರಿದ ಅಂತರದಿಂದ ಗೆದ್ದರು. ಆ ನಡುವಣ ಸುಮಾರು ಎರಡು ವರ್ಷ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ.

ಆದುದರಿಂದ ಎಣಿಕೆಯ ರಾತ್ರಿಯ ಒಂದೆರಡು ಗಂಟೆಗಳ ಬೇಸರ, ಮುಂದಿನ ಒಂದೆರಡು ವರ್ಷಗಳ ಬೇಸರಕ್ಕಿಂತ ಅಗ್ಗ. ಸೋತವರು ಕಾರಣ ಬರೆದು ಕೇಳಲಿ. ಅಧಿಕಾರಿ ಕಾರಣ ಬರೆದು ಉತ್ತರಿಸಲಿ. ಗೆದ್ದವರು ಪಟಾಕಿಗೆ ಬೆಂಕಿ ಹಚ್ಚುವುದನ್ನು ಸ್ವಲ್ಪ ತಡೆಯಲಿ. ಮನೆಯಲ್ಲಿ ಹಿರಿಯರ ಅಂಚೆ ಮತವಿದ್ದರೆ ಕಿರಿಯರು ಸಹಿಯ ಜಾಗವನ್ನು ತೋರಿಸಿಕೊಡಲಿ, ಗುರುತಿನ ಜಾಗವನ್ನು ಇಣುಕಿ ನೋಡದಿರಲಿ.

ಒಂದು ಮತದಿಂದ ಏನಾದೀತು ಎನ್ನುವವರಿಗೆ ಸಂತೇಮರಹಳ್ಳಿಯ ಹೆಸರನ್ನು ಹೇಳಿದರೆ ಸಾಕು. ೨೦೦೪ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ೪೦,೭೫೨, ಜನತಾದಳದ ಎ. ಆರ್. ಕೃಷ್ಣಮೂರ್ತಿಯವರಿಗೆ ೪೦,೭೫೧ ಮತಗಳು ಬಂದವು. ಕ್ಷೇತ್ರಗಳ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಮಾಯವಾಯಿತು. ಒಂದು ಮತದಿಂದ ಗೆದ್ದವರು ಮುಂದೆ ಎರಡು ಬಾರಿ ಲೋಕಸಭಾ ಸದಸ್ಯರಾಗಿ, ೨೦೧೯ರಲ್ಲಿ ೧,೮೧೭ ಮತಗಳಿಂದ ಸೋತರು. ೨೦೨೩ರ ಮಾರ್ಚಿಯಲ್ಲಿ ತೀರಿಕೊಂಡರು. ಅದಾದ ಎರಡೇ ತಿಂಗಳಲ್ಲಿ, ಒಂದು ಮತದಿಂದ ಸೋತಿದ್ದವರು ಅದೇ ಕಾಂಗ್ರೆಸ್ಸಿನಿಂದ ನಿಂತು ಕೊಳ್ಳೇಗಾಲದಲ್ಲಿ ಭಾರಿ ಅಂತರದಿಂದ ಗೆದ್ದರು. ಅದಕ್ಕೆ ಅವರು ಹತ್ತೊಂಬತ್ತು ವರ್ಷ ಕಾದಿದ್ದರು.