ಮೈಲೇಜು ಆಮೇಲೆ ಕೇಳಿ, ಕಾಲು ಎಟಕುತ್ತಾ ಅಂತ ಮೊದಲು ಕೇಳಿ!

"ಆಫೀಸಿಗೆ ಓಡಾಡೋಕೆ ಯಾವ ಬೈಕ್ ತಗೊಳ್ಳಲಿ?" ಅಂತ ಯಾರನ್ನಾದರೂ ಕೇಳಿ ನೋಡಿ. ಮೈಲೇಜು, ಪಿಕಪ್ಪು, ರೀಸೇಲ್ ವ್ಯಾಲ್ಯೂ... ಪಟಪಟ ಅಂತ ಉತ್ತರ ಬರುತ್ತೆ. ಕೇಳಿದವನ ಕಾಲಲ್ಲಿ ಬಲ ಇದೆಯಾ ಅಂತ ಮಾತ್ರ ಒಬ್ಬರೂ ಕೇಳಲ್ಲ. ಕಾಲಿಗೆ ತೊಂದರೆ ಇದೆ ಅಂತ ಅವನೇ ಬಾಯಿಬಿಟ್ಟು ಹೇಳಿದರೆ ಇನ್ನೂ ಚೆಂದದ ಉತ್ತರ: "ನಿಂಗ್ಯಾಕೆ ಗಾಡಿ ಮಗಾ, ಮೆಟ್ರೋಲಿ ಹೋಗು."

ಮೆಟ್ರೋ 2021ರ ಆಗಸ್ಟಿನಲ್ಲಿ ಕೆಂಗೇರಿವರೆಗೂ ಬಂತು, ಸಂತೋಷ. ಆದರೆ ಬಸವೇಶ್ವರನಗರದ ಒಳಗಿನ ಯಾವುದೋ ಕ್ರಾಸಿನಿಂದ ವಿಜಯನಗರ ಸ್ಟೇಷನ್ ತಲುಪೋದು ಹೇಗೆ ಸ್ವಾಮಿ? ನಡೆಯೋಕೆ ಕಷ್ಟ ಇರೋನಿಗೇ ಗಾಡಿ ಎಲ್ಲರಿಗಿಂತ ಜಾಸ್ತಿ ಬೇಕು. ಈ ಸರಳ ಲೆಕ್ಕ ನಮಗೆ ಹೊಳೆಯೋದೇ ಇಲ್ಲ. 2014ರಲ್ಲಿ ಭಾರತ ಪೋಲಿಯೋಮುಕ್ತ ಅಂತ ಘೋಷಣೆ ಆಯ್ತು ನಿಜ. ಅದಕ್ಕೂ ಮುಂಚೆ ಪೋಲಿಯೋ ತಗುಲಿದವರು ಈಗ ನಮ್ಮ ಜೊತೆಗೇ ದುಡೀತಿದ್ದಾರೆ.

ನನ್ನ ವಾದ ಇಷ್ಟೇ: ಕಾಲಲ್ಲಿ ಬಲ ಕಮ್ಮಿ ಇದ್ದವರಿಗೆ ಗೇರ್ ಬೈಕ್ ಕೊಡಿಸಬೇಡಿ. ಗೇರಿಲ್ಲದ ಸ್ಕೂಟರ್, ಅದರಲ್ಲೂ ರಿವರ್ಸ್ ಇರೋ ಎಲೆಕ್ಟ್ರಿಕ್ ಸ್ಕೂಟರ್ ಕೊಡಿಸಿ.

ಯಾಕೆ ಅಂತೀರಾ? ಬೈಕಿನಲ್ಲಿ ಎಡಗಾಲು ಗೇರಿಗೆ, ಬಲಗಾಲು ಹಿಂದಿನ ಬ್ರೇಕಿಗೆ. 2019ರ ಏಪ್ರಿಲಿನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಕಂಬೈನ್ಡ್ ಬ್ರೇಕ್ ಇಲ್ಲವೇ ಎಬಿಎಸ್ ಕಡ್ಡಾಯ. ಎರಡೂ ಚಕ್ರ ಹಿಡಿಯುವ ಆ ಕಂಬೈನ್ಡ್ ಬ್ರೇಕು ಬೈಕಿನಲ್ಲಿ ಇರೋದು ಬಲಗಾಲಿನ ಕೆಳಗೆ, ಸ್ಕೂಟರಿನಲ್ಲಿ ಎಡಗೈಯಲ್ಲಿ. ಒಂದೇ ಬ್ರೇಕು, ಆದರೆ ಸೋತ ಕಾಲಿನವನಿಗೆ ಎಷ್ಟು ವ್ಯತ್ಯಾಸ ನೋಡಿ!

ಕಾಲಿಗೆ ನಿಜವಾದ ಪರೀಕ್ಷೆ ಇರೋದು ಗಾಡಿ ನಿಂತಾಗ. ಕಾರ್ಡ್ ರೋಡಿನಲ್ಲಿ, ಮಾಗಡಿ ರೋಡಿನಲ್ಲಿ ಇಂಚಿಂಚು ತೆವಳುವಾಗ. ಇಳಿಜಾರಿನ ಪಾರ್ಕಿಂಗಿನಿಂದ ಹಿಂದಕ್ಕೆ ತಳ್ಳುವಾಗ. ಹತ್ತಡಿಗೆ ಒಂದಡಿ ಏರುವ ಜಾಗ ಅಂತಿಟ್ಟುಕೊಳ್ಳಿ. ಸ್ಪ್ಲೆಂಡರ್ ಸುಮಾರು 112 ಕೆಜಿ, ಕೂತವನು 65, ಒಟ್ಟು 177. ಕೂತಲ್ಲೇ ಹಿಂದಕ್ಕೆ ಏರಿಸೋಕೆ ಹೆಚ್ಚುಕಮ್ಮಿ 18 ಕೆಜಿಯಷ್ಟು ತಳ್ಳಬೇಕು. 195 ಕೆಜಿಯ ಕ್ಲಾಸಿಕ್ 350 ಆದರೆ 26 ಕೆಜಿ! ಪೆಟ್ರೋಲ್ ಸ್ಕೂಟರೂ ಇಲ್ಲಿ ಕಾಪಾಡಲ್ಲ, ಆಕ್ಟಿವಾನೂ ನೂರು ಕೆಜಿ ದಾಟುತ್ತೆ. ನಮ್ಮೂರಿನದೇ ಏಥರ್ 450, ಟಿವಿಎಸ್ ಐಕ್ಯೂಬ್ ಇವುಗಳಲ್ಲಿ ರಿವರ್ಸ್ ಇದೆ. ಕಾಲಿನ ಆ ಕೆಲಸವನ್ನ ಮೋಟರೇ ಮಾಡುತ್ತೆ. ರಿವ್ಯೂ ಬರೆಯೋರು ಇದನ್ನ ಗಿಮಿಕ್ಕು ಅಂತ ನಗಬಹುದು. ಒಬ್ಬನಿಗೆ ಗಿಮಿಕ್ಕು, ಇನ್ನೊಬ್ಬನಿಗೆ ಅನ್ನದ ದಾರಿ.

ಸೀಟಿನ ಎತ್ತರದ ನಂಬರ್ ನೋಡಿ ಮಾತ್ರ ಮೋಸ ಹೋಗಬೇಡಿ. ಸ್ಪ್ಲೆಂಡರಿನದು 785 ಮಿಲಿಮೀಟರ್, ಆಕ್ಟಿವಾ 6ಜಿದು ಸುಮಾರು 765. ಆದರೆ ಸ್ಕೂಟರಿನ ಸೀಟೂ ಫುಟ್‌ಬೋರ್ಡೂ ಅಗಲ, ಕಾಲು ಅಗಲಿಸಿದಷ್ಟೂ ನೆಲ ದೂರ. ದಿನಾ ಹಾಕೋ ಚಪ್ಪಲಿ, ಕ್ಯಾಲಿಪರ್ ಹಾಕಿಕೊಂಡೇ ಕೂತು ನೋಡಬೇಕು. ಸಪಾಟು ಶೋರೂಮಿನಲ್ಲಲ್ಲ, ಏರಿನಲ್ಲಿ.

"ಸ್ಕೂಟರಿನ ಚಕ್ರ ಚಿಕ್ಕದು, ಗುಂಡಿಗೆ ಬಿದ್ರೆ?" ನ್ಯಾಯವಾದ ಪ್ರಶ್ನೆ. ಗುಂಡಿ ಬಂದರೆ ನಿಧಾನ ಮಾಡಬಹುದು. ಸಿಗ್ನಲ್ಲಿನಲ್ಲಿ ಗಾಡಿ ವಾಲಿದಾಗ ಕಾಲಿಗೆ ಎಲ್ಲಿಂದ ಬಲ ತರೋದು? ಇನ್ನು "ಸ್ಕೂಟರ್ ಹೆಣ್ಮಕ್ಕಳ ಗಾಡಿ ಕಣೋ" ಅನ್ನೋರಿಗೆ ಉತ್ತರ ಕೊಡೋದು ಟೈಮ್ ವೇಸ್ಟ್ :-)

ಎರಡೂ ಕಾಲು ತುಂಬಾ ಸೋತಿದ್ದರೆ ಪಕ್ಕದ ಚಕ್ರ ಬೇಕೇ ಬೇಕು. ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿಸಿ ಸುಮ್ಮನಾಗಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಅವಕಾಶ ಕೊಟ್ಟಿದೆ. ಆರ್‌ಟಿಓ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿ, ಅದಕ್ಕೆ ತಕ್ಕ ಲೈಸೆನ್ಸೂ ಮಾಡಿಸಿ. ಇಲ್ಲದಿದ್ದರೆ ಇನ್ಶೂರೆನ್ಸಿಗೆ ತಕರಾರು ಬರಬಹುದು.

ಅದೇ ಕಾಯ್ದೆಯಲ್ಲಿದ್ದ 'ಇನ್‌ವ್ಯಾಲಿಡ್ ಕ್ಯಾರೇಜ್' ಅನ್ನೋ ಪದ 2019ರ ತಿದ್ದುಪಡಿಯಲ್ಲಿ 'ಅಡಾಪ್ಟೆಡ್ ವೆಹಿಕಲ್' ಆಯ್ತು. ಕಾನೂನೇ ಮಾತು ಬದಲಾಯಿಸಿತು. ಬೈಕುಗಳ ಬಗ್ಗೆ ಪುಟಗಟ್ಟಲೆ ಬರೆಯೋ ಬ್ಲಾಗ್ ಮಿತ್ರರೇ, ಮುಂದಿನ ಸಲ ಮೈಲೇಜಿನ ಪಕ್ಕ ಒಂದೆರಡು ಸಾಲು ಸೇರಿಸ್ತೀರಾ? ತೂಕ ಎಷ್ಟು, ಕಾಲು ಎಟಕುತ್ತಾ, ಹಿಂದಕ್ಕೆ ಹೋಗುತ್ತಾ... ಏನಂತೀರಿ?