ಅಮ್ಮನ ಪೆಟ್ಟಿಗೆಯ ಗಂಧ



ಕಳೆದ ವಾರ ಅಟ್ಟವನ್ನು ಸ್ವಚ್ಛಗೊಳಿಸುತ್ತಿದ್ದಾಗ ನಮ್ಮ ತಾಯಿಯವರ ಹಳೆಯ ತಗಡಿನ ಪೆಟ್ಟಿಗೆ ಕೈಗೆ ಸಿಕ್ಕಿತು. ಮುಚ್ಚಳ ತೆರೆದೊಡನೆ ಮೈಸೂರ್ ಸ್ಯಾಂಡಲ್ ಸಾಬೂನಿನ ಪರಿಮಳ ಮಂದವಾಗಿ ಮೂಗಿಗೆ ತಾಗಿತು. ಸೀರೆಗಳ ಮಡಿಕೆಯ ನಡುವೆ ಸಾಬೂನನ್ನು ಇಡುವುದು ನಮ್ಮೂರಿನ ಅನೇಕ ಮನೆಗಳ ರೂಢಿ. ನಮ್ಮ ತಾಯಿ ಅದರ ಹೊದಿಕೆಯ ಕಾಗದವನ್ನೂ ಬಿಸಾಡುತ್ತಿರಲಿಲ್ಲ. ಶರಭದ ಚಿತ್ರವಿದ್ದ ಆ ಕಾಗದವನ್ನು ನೀಟಾಗಿ ಮಡಿಸಿ, ಓದಿದ ಪುಟದ ಗುರುತಿಗಾಗಿ ಸತ್ಯವೇದದಲ್ಲಿ ಇಟ್ಟುಕೊಳ್ಳುತ್ತಿದ್ದರು. ಅದು ಇನ್ನೂ ಕೀರ್ತನೆಗಳ ನಡುವೆ ಹಾಗೆಯೇ ಇತ್ತು. ನಾನು ಆ ಪುಸ್ತಕವನ್ನು ಮುಖಕ್ಕೆ ಹಿಡಿದುಕೊಂಡು ಬಹಳ ಹೊತ್ತು ಕುಳಿತುಬಿಟ್ಟೆ.

ಭಾನುವಾರ ಆರಾಧನೆ ಮುಗಿದ ಮೇಲೆ ಈ ವಿಷಯವನ್ನು ಹಿರಿಯ ಮಿತ್ರರೊಬ್ಬರಿಗೆ ಹೇಳಿದೆ. ಅವರು ನಕ್ಕು, "ನಂಬಿಕೆ ಬರುವುದು ಕಿವಿಯಿಂದ ಮೇಷ್ಟ್ರೇ, ಮೂಗಿನಿಂದಲ್ಲ" ಎಂದರು. ವಾಕ್ಯವನ್ನು ಕೇಳುವುದರಿಂದ ವಿಶ್ವಾಸ ಹುಟ್ಟುತ್ತದೆಂಬ ಪೌಲನ ಮಾತನ್ನು ಅವರು ತಮ್ಮ ರೀತಿಯಲ್ಲಿ ನೆನಪಿಸಿದ್ದರು. ಅವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಇನ್ನರ್ಧದ ಬಗೆಗೇ ಈ ಬರಹ.

ಮೊದಲು ಮೂಗಿನ ವಿಚಾರ. ಕಣ್ಣು ಕಿವಿಗಳು ತಂದ ಸುದ್ದಿ ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತದೆ. ಮೂಗು ತಂದ ಸುದ್ದಿಯಾದರೋ ಆ ಬಾಗಿಲಿಗೆ ಕಾಯದೆ, ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಭಾಗಗಳನ್ನು ಬಹುಬೇಗ ಮುಟ್ಟುತ್ತದೆ. ಆದುದರಿಂದಲೇ ಒಂದು ವಾಸನೆ ಮೂವತ್ತು ವರ್ಷಗಳ ಹಿಂದಿನ ಕೋಣೆಯೊಳಗೆ ನಮ್ಮನ್ನು ನಿಲ್ಲಿಸಬಲ್ಲುದು. ಆದರೆ ನೆನಪು ನಂಬಿಕೆಯಲ್ಲ. ಅಮ್ಮನ ನೆನಪಾಗಿ ಕಣ್ಣು ತುಂಬಿದ ಮಾತ್ರಕ್ಕೆ ನಾನು ಭಕ್ತನಾಗಲಿಲ್ಲ. ಇಲ್ಲಿಯವರೆಗೆ ಮಿತ್ರರ ಮಾತು ಸರಿ.

ಈ ಗಂಧದ ಕಥೆ ನಮ್ಮೂರಿನದೇ. ಮೊದಲನೆಯ ಮಹಾಯುದ್ಧದ ಕಾರಣ ಯೂರೋಪಿಗೆ ಹೋಗುತ್ತಿದ್ದ ಗಂಧದ ಮರದ ರಫ್ತು ಕುಸಿದು, ಸಂಸ್ಥಾನದಲ್ಲಿ ಮರ ಮಾರಾಟವಾಗದೆ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಇಲ್ಲಿಯೇ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆ ಬಂತು. 1918ರ ಹೊತ್ತಿಗೆ ಬೆಂಗಳೂರಿನಲ್ಲಿ ಸಾಬೂನು ತಯಾರಾಯಿತು. ಗಂಧದ ಮರದ ಎಲೆಯಲ್ಲಾಗಲಿ ಹೂವಿನಲ್ಲಾಗಲಿ ಆ ಪರಿಮಳವಿಲ್ಲ. ಅದಿರುವುದು ಮರದ ತಿರುಳಿನಲ್ಲಿ ಮತ್ತು ಬೇರಿನಲ್ಲಿ. ತಿರುಳು ಕೂಡಲು ಹಲವು ವರ್ಷಗಳು ಬೇಕು. ಅನಂತರ ಅದನ್ನು ಸಿಗಿದು, ಪುಡಿಮಾಡಿ, ಹಬೆಯಲ್ಲಿ ಬೇಯಿಸಿದರೆ ಎಣ್ಣೆ ದೊರೆಯುತ್ತದೆ.

ಇನ್ನು, ನಾನು ಈವರೆಗೆ ಯಾರಲ್ಲಿಯೂ ಹೇಳದ ಸಂಗತಿಯೊಂದನ್ನು ಹೇಳಬೇಕಾಗಿದೆ. ನಮ್ಮ ತಾಯಿ ಲಕ್ವ ಹೊಡೆದು ಏಳು ತಿಂಗಳು ಹಾಸಿಗೆಯಲ್ಲಿದ್ದರು. ಮಲಗಿ ಮಲಗಿ ಬೆನ್ನಿನಲ್ಲಿ ಹುಣ್ಣಾಯಿತು. ಆ ಕೋಣೆಯ ವಾಸನೆಯನ್ನು ನನ್ನಿಂದ ತಾಳಲಾಗುತ್ತಿರಲಿಲ್ಲ. ಆ ವರ್ಷ ನಾನು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮುಂಜಾನೆಯೂ ಸಂಜೆಯೂ ವಿಶೇಷ ತರಗತಿ ನಡೆಸಿದೆ. ನಿಮ್ಮಲ್ಲಿ ಕೆಲವರು ಇಂದಿಗೂ ಅದನ್ನು ನೆನೆದು ಕೃತಜ್ಞತೆ ಸಲ್ಲಿಸುತ್ತೀರಿ. ಮಕ್ಕಳೇ, ಆ ತರಗತಿಗಳಲ್ಲಿ ಅರ್ಧ ಪಾಲು ನಿಮ್ಮ ಮೇಲಿನ ಪ್ರೀತಿಯಿದ್ದರೆ, ಅರ್ಧ ಪಾಲು ಆ ಕೋಣೆಯಿಂದ ತಪ್ಪಿಸಿಕೊಳ್ಳುವ ಉಪಾಯವಿತ್ತು.

ಕೋಣೆಯೊಳಗೆ ಹೋಗುತ್ತಿದ್ದವಳು ನನ್ನ ತಂಗಿ. ದಿನವೂ ಬಿಸಿನೀರು ಕಾಯಿಸಿ, ಗಂಧದ ಸಾಬೂನನ್ನು ಬಟ್ಟೆಗೆ ಸವರಿ, ಅಮ್ಮನ ಕೈಕಾಲುಗಳನ್ನು ಒರೆಸುತ್ತಿದ್ದಳು. ವೈದ್ಯರು ತೋರಿಸಿಕೊಟ್ಟಂತೆ ಹುಣ್ಣನ್ನು ತೊಳೆದು ಕಟ್ಟುತ್ತಿದ್ದಳು. ಅವಳು ಹೊರಬಂದಾಗ ಅವಳ ಕೈಯಿಂದ ಆ ಪರಿಮಳ ಬರುತ್ತಿತ್ತು. ಒಂದು ದಿನವೂ ಅವಳು ನನ್ನನ್ನು ಏನೂ ಅನ್ನಲಿಲ್ಲ. ಪೆಟ್ಟಿಗೆ ತೆರೆದಾಗ ನನಗೆ ಮೊದಲು ನೆನಪಾದದ್ದು ಅಮ್ಮನ ಮುಖವಲ್ಲ, ತಂಗಿಯ ಆ ಒದ್ದೆ ಕೈಗಳು.

ಆ ದಿನ ಅಮ್ಮನ ಸತ್ಯವೇದದಲ್ಲಿಯೇ ಯೋಹಾನನ ಸುವಾರ್ತೆಯನ್ನು ತೆಗೆದು ಓದಿದೆ. ಹನ್ನೊಂದನೆಯ ಅಧ್ಯಾಯದಲ್ಲಿ ಬೇಥಾನ್ಯದ ಲಾಜರನು ಸತ್ತು ನಾಲ್ಕು ದಿನಗಳಾಗಿವೆ. ಸಮಾಧಿಯ ಕಲ್ಲನ್ನು ತೆಗೆಸಲು ಹೊರಟ ಯೇಸುವಿಗೆ ಅಕ್ಕ ಮಾರ್ಥಳು, ಈಗ ದುರ್ವಾಸನೆ ಬರುತ್ತದಲ್ಲವೇ ಎಂದು ಎಚ್ಚರಿಸುತ್ತಾಳೆ. ಹನ್ನೆರಡನೆಯ ಅಧ್ಯಾಯದಲ್ಲಿ ಅದೇ ಊರು, ಅದೇ ಕುಟುಂಬ. ತಂಗಿ ಮರಿಯಳು ಜಟಾಮಾಂಸಿಯ ತೈಲವನ್ನು ಯೇಸುವಿನ ಪಾದಕ್ಕೆ ಹಚ್ಚಿ ತನ್ನ ತಲೆಗೂದಲಿನಿಂದ ಒರೆಸುತ್ತಾಳೆ. ಮನೆಯೆಲ್ಲ ಪರಿಮಳ ತುಂಬುತ್ತದೆ. ಜಟಾಮಾಂಸಿ ನಮ್ಮ ಹಿಮಾಲಯದ ಎತ್ತರದಲ್ಲಿ ಬೆಳೆಯುವ ಗಿಡ. ಎಣ್ಣೆಯಿರುವುದು ಅದರ ಬೇರುಗಳಲ್ಲಿ. ಅದರ ಬೆಲೆ 300 ದಿನಾರಿ ಎಂದು ಯೂದನು ಲೆಕ್ಕ ಹಾಕುತ್ತಾನೆ. ಒಂದು ದಿನಾರಿಯೆಂದರೆ ಕೂಲಿಯವನ ಒಂದು ದಿನದ ದುಡಿಮೆ. ಅಂದು ಯೂದನ ಬಳಿ ಲೆಕ್ಕವಿತ್ತು. ನನ್ನ ಬಳಿ ವೇಳಾಪಟ್ಟಿಯಿತ್ತು.

ಆದಕಾರಣ ನನ್ನ ಅಭಿಪ್ರಾಯವಿಷ್ಟು. ನಂಬಿಕೆ ಕಿವಿಯಿಂದ ಬರಬಹುದು. ಆ ವಾಕ್ಯವನ್ನು ನಾನು ಚಿಕ್ಕಂದಿನಿಂದಲೂ ಕೇಳಿದ್ದೆ. ಕೇಳಿದ್ದು ಬದುಕಿನಲ್ಲಿ ಹೇಗಿರುತ್ತದೆಂಬುದನ್ನು ನಾನು ತಿಳಿದದ್ದು ತಂಗಿಯ ಕೈಯ ವಾಸನೆಯಿಂದ. ಪರಿಮಳ ನಮ್ಮನ್ನು ಹಳೆಯ ಸುಖದ ಕಡೆಗೆ ಮಾತ್ರ ಕರೆದರೆ ಅದು ಬರಿಯ ಹಂಬಲ. ಮಾಡದೆ ಬಿಟ್ಟ ಸೇವೆಯ ಕಡೆಗೂ ಕರೆದು, ಕ್ಷಮೆ ಕೇಳಿಸಿದರೆ, ಅದನ್ನು ದೇವರ ಕರೆಯೆಂದೇ ನಾನು ನಂಬುತ್ತೇನೆ.

ಪೆಟ್ಟಿಗೆ ಸಿಕ್ಕಿದ ದಿನ ರಾತ್ರಿಯೇ ತಂಗಿಗೆ ದೂರವಾಣಿ ಮಾಡಿದೆ. ಇಷ್ಟು ವರ್ಷ ಹೇಳದ ಮಾತನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಆ ಪೆಟ್ಟಿಗೆ ನನಗೆ ಕೊಡ್ತೀಯಾ?" ಎಂದಳು. ಬರುವ ಭಾನುವಾರ ಕೊಂಡೊಯ್ಯುತ್ತೇನೆ. ಸತ್ಯವೇದವೂ, ಆ ಕಾಗದವೂ ಅದರಲ್ಲಿಯೇ ಇರುತ್ತವೆ.

ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ, ಬಾಗಿಲಲ್ಲಿ ನಿಂತು ಮಾತನಾಡಿಸಿ ಹೊರಟುಬಿಡಬೇಡಿ. ಒಳಗೆ ಹೋಗಿ.

ಎಲ್ಲರಿಗೂ ಶುಭವಾಗಲಿ.

ಇಂತು ನಿಮ್ಮ ಮೇಷ್ಟ್ರು