ನಕ್ಷೆಯ ಬಣ್ಣ ಬದಲಿಸುವ ಕೈಗಳು

ಕಟ್ಟಡ ಕಟ್ಟುವವರ ಲಾಭ ಸಿಮೆಂಟು, ಕಬ್ಬಿಣ, ಕೂಲಿಗಳ ಲೆಕ್ಕದಲ್ಲಿ ಅಡಗಿದೆ ಎಂಬುದು ಸಾಮಾನ್ಯ ನಂಬಿಕೆ. ಗೋವೆಯ ಕರಾವಳಿಯ ಎರಡು ದಶಕಗಳ ಅನುಭವ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ದೊಡ್ಡ ಲಾಭ ಹುಟ್ಟುವುದು ಮೊದಲ ಕಲ್ಲು ಇಡುವುದಕ್ಕೂ ಮುಂಚೆ, ಸರ್ಕಾರಿ ನಕ್ಷೆಯ ಮೇಲಿನ ಹಸಿರು ತುಂಡೊಂದು ವಸತಿ ವಲಯದ ಬಣ್ಣಕ್ಕೆ ತಿರುಗಿದ ಗಳಿಗೆಯಲ್ಲಿ. ಭತ್ತದ ಗದ್ದೆಯಾಗಿಯೋ ಗೇರುತೋಟವಾಗಿಯೋ ಇದ್ದಾಗ ಒಂದು ಬೆಲೆ. ಅದೇ ಮಣ್ಣಿಗೆ, ಅದೇ ಸರ್ವೆ ನಂಬರಿಗೆ ಮರುದಿನ ಹಲವು ಪಟ್ಟು ಬೆಲೆ. ಈ ಹೆಚ್ಚಳಕ್ಕಾಗಿ ಯಾರೂ ಬೆವರು ಸುರಿಸಿರುವುದಿಲ್ಲ. ಒಂದು ಸಹಿ ಸಾಕು. ಆ ಸಹಿಯ ಅಧಿಕಾರ ರಾಜಕಾರಣಿಯ ಬಳಿ ಇರುವತನಕ ಭೂಮಿಯ ವ್ಯಾಪಾರಿ ರಾಜಕಾರಣದಿಂದ ದೂರ ನಿಲ್ಲಲಾರ. ಕಡಲತೀರದ ಹಳ್ಳಿಗಳ ರಾಜಕಾರಣ ರಿಯಲ್ ಎಸ್ಟೇಟಿನ ವಶವಾಗುವುದರ ಬೇರು ಇಲ್ಲಿದೆಯೇ ಹೊರತು ಕೇವಲ ವ್ಯಕ್ತಿಗಳ ದುರಾಸೆಯಲ್ಲಿ ಇಲ್ಲ. ಘಟ್ಟದ ಮೇಲಿನ ಊರುಗಳು ಗೋವೆಯ ಕಥೆಯನ್ನು ಗಮನವಿಟ್ಟು ಓದಬೇಕಾದ ಕಾರಣವೂ ಇದೇ.

ಜನ ಎದ್ದರು, ನಕ್ಷೆ ಹಿಂದೆ ಸರಿಯಿತು

ಗೋವಾ ರಾಜ್ಯದ ಒಟ್ಟು ವಿಸ್ತೀರ್ಣ 3,702 ಚದರ ಕಿಲೋಮೀಟರ್. ಉತ್ತರ ಕನ್ನಡ ಜಿಲ್ಲೆಯೊಂದರ ಅರ್ಧಕ್ಕಿಂತ ಕಡಿಮೆ. ಇಷ್ಟು ಚಿಕ್ಕ ನಾಡಿನಲ್ಲಿ ಯಾವ ಭೂಮಿ ಯಾವುದಕ್ಕೆ ಎಂಬುದನ್ನು 1974ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ರೂಪಿಸುವ ಪ್ರಾದೇಶಿಕ ಯೋಜನೆ ನಿರ್ಧರಿಸುತ್ತದೆ. ಗದ್ದೆ, ತೋಟ, ಅರಣ್ಯ, ವಸತಿ ಎಂದು ಇಡೀ ರಾಜ್ಯಕ್ಕೆ ಬಣ್ಣ ಬಳಿದ ನಕ್ಷೆ ಅದು.

2006ರಲ್ಲಿ ಸರ್ಕಾರ 'ಪ್ರಾದೇಶಿಕ ಯೋಜನೆ 2011' ಎಂಬ ಹೊಸ ನಕ್ಷೆಯನ್ನು ಅಧಿಸೂಚಿಸಿತು. ಹಸಿರಾಗಿದ್ದ ಗುಡ್ಡದ ಇಳಿಜಾರು, ತೋಟ, ಗದ್ದೆಗಳ ವಿಶಾಲ ಭಾಗಗಳು ಅದರಲ್ಲಿ ವಸತಿ ವಲಯವಾಗಿ ಕಾಣಿಸಿಕೊಂಡಿದ್ದವು. ಊರಿನವರಿಗೆ ತಿಳಿಯದೆ ಊರಿನ ಭವಿಷ್ಯ ಬರೆದಾಗಿತ್ತು. ವೈದ್ಯರು, ವಾಸ್ತುಶಿಲ್ಪಿಗಳು, ರೈತರು, ಮೀನುಗಾರರು, ಚರ್ಚು ಹಾಗೂ ದೇವಸ್ಥಾನಗಳ ಜನ ಒಟ್ಟಾಗಿ 'ಗೋವಾ ಬಚಾವೋ ಅಭಿಯಾನ' ಕಟ್ಟಿದರು. ವೈದ್ಯ ಡಾ. ಆಸ್ಕರ್ ರೆಬೆಲೊ ಅದರ ಸಂಚಾಲಕರಾದರು. ಹಳ್ಳಿ ಹಳ್ಳಿಗಳಲ್ಲಿ ನಕ್ಷೆಯನ್ನು ಬಿಡಿಸಿಟ್ಟು, ಸರ್ವೆ ನಂಬರು ಹಿಡಿದು, ಯಾವ ಗದ್ದೆ ಯಾವ ಬಣ್ಣಕ್ಕೆ ತಿರುಗಿದೆ ಎಂದು ತೋರಿಸಲಾಯಿತು. ತಿಂಗಳೊಪ್ಪತ್ತಿನ ಹೋರಾಟಕ್ಕೆ ಮಣಿದ ಮುಖ್ಯಮಂತ್ರಿ ಪ್ರತಾಪಸಿಂಹ ರಾಣೆ ಅವರ ಸರ್ಕಾರ 2007ರ ಜನವರಿಯಲ್ಲಿ ಆ ಯೋಜನೆಯನ್ನು ಕೈಬಿಡುವುದಾಗಿ ಘೋಷಿಸಿತು. ಅದೇ ವರ್ಷದ ಕೊನೆಯ ದಿನ, ಮುಖ್ಯಮಂತ್ರಿ ದಿಗಂಬರ ಕಾಮತ್ ಅವರು ವಿಶೇಷ ಆರ್ಥಿಕ ವಲಯಗಳನ್ನೂ ರದ್ದುಪಡಿಸುವುದಾಗಿ ಹೇಳಬೇಕಾಯಿತು.

ಮುಂದೆ ನಡೆದದ್ದು ಇನ್ನೂ ಮಹತ್ವದ್ದು. ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ನೇತೃತ್ವದ ಕಾರ್ಯಪಡೆ 'ಪ್ರಾದೇಶಿಕ ಯೋಜನೆ 2021'ನ್ನು ಸಿದ್ಧಪಡಿಸುವಾಗ ಪ್ರತಿ ಪಂಚಾಯಿತಿಗೂ ಅದರ ನಕ್ಷೆ ಕಳುಹಿಸಲಾಯಿತು. ಗ್ರಾಮಸ್ಥರು ಕೆರೆ, ತೋಡು, ಗದ್ದೆ, ಇಳಿಜಾರುಗಳನ್ನು ಗುರುತಿಸಿ ತಿದ್ದುಪಡಿಗಳನ್ನು ಸೂಚಿಸಿದರು. ಪಶ್ಚಿಮ ಘಟ್ಟಗಳ ಕುರಿತ ಮಾಧವ ಗಾಡ್ಗೀಳ್ ಸಮಿತಿ ತನ್ನ 2011ರ ವರದಿಯಲ್ಲಿ ಜನರ ಪಾಲ್ಗೊಳ್ಳುವಿಕೆಗೆ ಮಾದರಿಯೆಂದು ಎತ್ತಿ ತೋರಿಸಿದ್ದು ಈ ಪ್ರಕ್ರಿಯೆಯನ್ನೇ. ಕಡಲತೀರದ ಹಳ್ಳಿಗರು ಕಲಿತ ಪಾಠವನ್ನು ಆ ವರದಿ ಘಟ್ಟದ ಹಳ್ಳಿಗರಿಗೆ ದಾಟಿಸಲು ಯತ್ನಿಸಿತ್ತು.

ಹಿಂಬಾಗಿಲಿನ ಕಲಮುಗಳು

ಮುಂಬಾಗಿಲಿನಿಂದ ಬಂದ ನಕ್ಷೆಯನ್ನು ಜನ ತಡೆದರು. ಹಿಂಬಾಗಿಲು ತೆರೆದೇ ಇತ್ತು. 2012ರಲ್ಲಿ ಅಧಿಕಾರಕ್ಕೆ ಬಂದ ಮನೋಹರ ಪರ್ರೀಕರ್ ಸರ್ಕಾರ, ಲೋಪಗಳಿವೆಯೆಂಬ ಕಾರಣ ನೀಡಿ, 2021ರ ಯೋಜನೆಯನ್ನು ತಡೆಹಿಡಿಯಿತು. 2018ರಲ್ಲಿ ಮೂಲ ಕಾಯ್ದೆಗೆ 16ಬಿ ಎಂಬ ಕಲಮು ಸೇರಿತು. ಖಾಸಗಿ ಮಾಲೀಕರು ಅರ್ಜಿ ಹಾಕಿ ತಮ್ಮ ಭೂಮಿಯ ವಲಯ ಬದಲಿಸಿಕೊಳ್ಳಲು ಅದು ದಾರಿ ಮಾಡಿತು. ಅದು ನ್ಯಾಯಾಲಯದ ಮೆಟ್ಟಿಲೇರಿತು. 2023ರಲ್ಲಿ 17(2) ಬಂತು. ನಕ್ಷೆಯಲ್ಲಿ ನುಸುಳಿದ 'ತಪ್ಪು'ಗಳನ್ನು ಸರಿಪಡಿಸುವುದು ಅದರ ಘೋಷಿತ ಉದ್ದೇಶ. ಆ ತಿದ್ದುಪಡಿಯ ಹೆಸರಿನಲ್ಲಿ ಲಕ್ಷಾಂತರ ಚದರ ಮೀಟರ್ ಗದ್ದೆ, ತೋಟಗಳು ವಸತಿ ವಲಯವಾದವು. ಭತ್ತದ ಗದ್ದೆಗಳು ಕೃಷಿಕರಲ್ಲದವರಿಗೆ ಪರಭಾರೆಯಾಗದಂತೆ ನಿರ್ಬಂಧಿಸುವ ಕಾಯ್ದೆಯನ್ನು ಅದೇ ವಿಧಾನಸಭೆ ಅಂಗೀಕರಿಸಿದ್ದೂ ಅದೇ 2023ರಲ್ಲಿ! ಒಂದು ಕೈ ಗದ್ದೆಗೆ ಬೇಲಿ ಕಟ್ಟುತ್ತಿದ್ದಾಗ ಇನ್ನೊಂದು ಕೈ ತಡಮೆ ತೆಗೆಯುತ್ತಿತ್ತು.

ಗೋವಾ ಫೌಂಡೇಶನ್, ಗೋವಾ ಬಚಾವೋ ಅಭಿಯಾನ ಮೊದಲಾದ ಸಂಘಟನೆಗಳ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟಿನ ಗೋವಾ ಪೀಠ 2025ರ ಮಾರ್ಚ್‌ನಲ್ಲಿ 17(2)ರ ವ್ಯಾಪ್ತಿಯನ್ನು ಮೊಟಕುಗೊಳಿಸಿ, ಅದರಡಿ ರೂಪಿಸಿದ್ದ ನಿಯಮಗಳನ್ನು ರದ್ದುಪಡಿಸಿತು. ಅಷ್ಟರಲ್ಲಾಗಲೇ 39ಎ ಎಂಬ ಇನ್ನೊಂದು ಕಲಮು 2024ರಲ್ಲಿ ಕಾಯ್ದೆಯೊಳಗೆ ಬಂದು ಕುಳಿತಿತ್ತು. ಅದನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು.

ಇಲ್ಲಿ ಪಕ್ಷದ ಬಣ್ಣ ಹುಡುಕುವುದು ವ್ಯರ್ಥ. 2006ರ ನಕ್ಷೆ ಕಾಂಗ್ರೆಸ್ ಆಡಳಿತದ್ದು. 16ಬಿ, 17(2), 39ಎ ಕಲಮುಗಳು ಭಾಜಪ ನೇತೃತ್ವದ ಸರ್ಕಾರಗಳವು. 2019ರ ಜುಲೈನಲ್ಲಿ ಕಾಂಗ್ರೆಸ್ಸಿನ 15 ಶಾಸಕರಲ್ಲಿ 10 ಮಂದಿ, 2022ರ ಸೆಪ್ಟೆಂಬರಿನಲ್ಲಿ 11ರಲ್ಲಿ 8 ಮಂದಿ ಭಾಜಪ ಸೇರಿದ ನಾಡಿನಲ್ಲಿ ಮತದಾರ ಪಕ್ಷವನ್ನು ಬದಲಿಸಬಹುದು, ನಕ್ಷೆ ಹಿಡಿದ ಕೈಯನ್ನು ಬದಲಿಸುವುದು ಕಷ್ಟ.

ಪ್ರಭಾವ ನಡೆಯುವ ಬಗೆ

ಪ್ರಭಾವವೆಂದರೆ ಲಂಚದ ಚೀಲ ಎಂದು ತಿಳಿದರೆ ಅರ್ಧವಷ್ಟೇ ತಿಳಿದಂತೆ. ಗೋವಾ ವಿಧಾನಸಭೆಯಲ್ಲಿ 40 ಸ್ಥಾನಗಳಿವೆ; ಒಂದು ಕ್ಷೇತ್ರಕ್ಕೆ ಸರಾಸರಿ 30 ಸಾವಿರಕ್ಕೂ ಕಡಿಮೆ ಮತದಾರರು. ಕರ್ನಾಟಕದಲ್ಲಿ ಈ ಸರಾಸರಿ 2 ಲಕ್ಷ ದಾಟುತ್ತದೆ. 2022ರಲ್ಲಿ ಕರಾವಳಿಯ ಸಾಂತ್ ಆಂದ್ರೆ ಕ್ಷೇತ್ರದ ಫಲಿತಾಂಶ ಕೇವಲ 76 ಮತಗಳ ಅಂತರದಲ್ಲಿ ನಿರ್ಧಾರವಾಯಿತು. ಪಂಚಾಯಿತಿ ವಾರ್ಡಿನಲ್ಲಂತೂ ಕೆಲವೇ ಮನೆಗಳ ಮತ ಗೆಲುವು ಸೋಲನ್ನು ತೀರ್ಮಾನಿಸುತ್ತದೆ. ಚಿಕ್ಕ ಕ್ಷೇತ್ರದಲ್ಲಿ ಪ್ರತಿನಿಧಿ ಜನರಿಗೆ ಹತ್ತಿರವಿರುತ್ತಾನೆ ನಿಜ. ಆದರೆ ಅಲ್ಲಿ ಚಿಕ್ಕ ಹಣವೂ ದೊಡ್ಡದಾಗುತ್ತದೆ.

ಈ ಹಣ ಊರಿಗೆ ಬರುವಾಗ ಮುಖವಾಡ ಹಾಕಿಕೊಂಡು ಬರುವುದಿಲ್ಲ. ಜಾತ್ರೆ, ಹಬ್ಬ, ಫುಟ್‌ಬಾಲ್ ಪಂದ್ಯಗಳ ಪ್ರಾಯೋಜಕನಾಗಿ ಬರುತ್ತದೆ. ಕೆಂಪುಕಲ್ಲು ಹೊರುವ ಲಾರಿ, ಮಣ್ಣು ಅಗೆಯುವ ಯಂತ್ರ, ಟ್ಯಾಂಕರ್ ನೀರು, ಕಾವಲುಗಾರರ ಗುತ್ತಿಗೆ, ಇವೆಲ್ಲ ಊರಿನ ಪ್ರಭಾವಿ ಕುಟುಂಬಗಳಿಗೆ ಹಂಚಿಹೋಗುತ್ತವೆ. ಕಟ್ಟಡ ನಿಂತರೆ ಗುತ್ತಿಗೆ ನಿಲ್ಲುತ್ತದೆ ಎಂಬ ಭಯ ಹುಟ್ಟಿದ ಮೇಲೆ ಬಿಲ್ಡರನ ಪರವಾಗಿ ಮಾತನಾಡಲು ಹೊರಗಿನವರು ಬೇಕಾಗುವುದಿಲ್ಲ. ಗ್ರಾಮಸಭೆ ವಿರೋಧಿಸಿ ನಿರ್ಣಯ ಮಾಡಿದರೂ ಅದು ಅಂತಿಮವಲ್ಲ. ಪಂಚಾಯಿತಿ ಪರವಾನಗಿ ನಿರಾಕರಿಸಿದರೆ ಮೇಲ್ಮನವಿಯ ದಾರಿಯಿದೆ. ವಕೀಲರ ಶುಲ್ಕ ಕೊಡಬಲ್ಲವನು ಕಾಯುತ್ತಾನೆ. ಹಳ್ಳಿಗ ದಣಿಯುತ್ತಾನೆ.

2025ರ ಡಿಸೆಂಬರ್ 6ರ ರಾತ್ರಿ ಉತ್ತರ ಗೋವೆಯ ಅರ್ಪೋರಾದ ನೈಟ್‌ಕ್ಲಬ್ ಒಂದರಲ್ಲಿ ಬೆಂಕಿ ಹೊತ್ತಿ 25 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ದೂರದ ಊರುಗಳಿಂದ ಕೆಲಸಕ್ಕೆ ಬಂದಿದ್ದ ಬಡವರು. ಹಳೆಯ ಉಪ್ಪಿನಾಗರದ ನೆಲದಲ್ಲಿ ಎದ್ದಿದ್ದ ಆ ಕಟ್ಟಡಕ್ಕೆ ವ್ಯಾಪಾರ ಪರವಾನಗಿ ಕೊಟ್ಟದ್ದೂ ಪಂಚಾಯಿತಿ, ಅದನ್ನು ಕೆಡವಲು ಆದೇಶಿಸಿದ್ದೂ ಪಂಚಾಯಿತಿ. ಆ ಆದೇಶಕ್ಕೆ ಮೇಲಿನ ಹಂತದಲ್ಲಿ ತಡೆ ಸಿಕ್ಕಿತ್ತು. ಕಾಗದದಲ್ಲಿ ಎಲ್ಲರೂ ತಮ್ಮ ಕರ್ತವ್ಯ ಮಾಡಿದ್ದರು.

ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನಿಟ್ಟು ನೋಡಬೇಕು. ವಾಸ್ಕೋ ಬಳಿಯ ಬೈನಾ ಕಡಲತೀರದಲ್ಲಿ ನೆಲೆಸಿದ್ದ ಉತ್ತರ ಕರ್ನಾಟಕದ ಕೂಲಿಕಾರ ಕುಟುಂಬಗಳ ಮನೆಗಳು 2017ರಲ್ಲಿ ಬುಲ್ಡೋಜರಿಗೆ ಸಿಕ್ಕವು. ಕರಾವಳಿ ನಿಯಂತ್ರಣ ವಲಯದ ನಿಯಮ ಅಲ್ಲಿ ಅಕ್ಷರಶಃ ಜಾರಿಯಾಯಿತು. ಗೋವೆಯ ಕಟ್ಟಡಗಳಿಗೆ ಕಲ್ಲು ಹೊತ್ತವರಿಗೆ ತಡೆಯಾಜ್ಞೆಯೂ ಇಲ್ಲ, 'ತಪ್ಪು ತಿದ್ದುವ' ಕಲಮೂ ಇಲ್ಲ. ಕಾನೂನು ಯಾರಿಗೆ ಗೋಡೆ, ಯಾರಿಗೆ ಬಾಗಿಲು ಎಂಬುದರಲ್ಲಿ ಪ್ರಭಾವದ ನಿಜವಾದ ಅಳತೆ ಸಿಗುತ್ತದೆ.

ಮಣ್ಣು ಮರೆಯುವುದಿಲ್ಲ

ವಲಯ ಬದಲಾವಣೆಯನ್ನು ಸರ್ವೆ ನಂಬರುಗಳ ಲೆಕ್ಕದಲ್ಲಿ ನೋಡುವವರು ಮರೆಯುವ ಸಂಗತಿಯೊಂದಿದೆ: ನೀರು ಸರ್ವೆ ನಂಬರನ್ನು ಗುರುತಿಸುವುದಿಲ್ಲ. ಗೋವೆಯ ಖಾಜನ್ ಭೂಮಿಗಳು ಶತಮಾನಗಳ ಹಿಂದೆ ಉಬ್ಬರವಿಳಿತದ ನೀರನ್ನು ಒಡ್ಡು, ತೂಬುಗಳಿಂದ ಪಳಗಿಸಿ ಮಾಡಿದ ಗದ್ದೆಗಳು. ಅಘನಾಶಿನಿಯ ಮುಖಜ ಪ್ರದೇಶದ ಗಜನಿ ಗದ್ದೆಗಳು ಇವುಗಳ ಸೋದರರು. ಅಲ್ಲಿ ಕೊರ್ಗುಟ್, ಇಲ್ಲಿ ಕಗ್ಗ. ಎರಡೂ ಉಪ್ಪುನೀರನ್ನು ತಾಳುವ ಭತ್ತಗಳು. ಈ ಗದ್ದೆಗಳ ಒಡ್ಡು ಸಮುದಾಯದ ಸೊತ್ತು. ಒಬ್ಬ ತನ್ನ ಪಾಲಿನ ನೆಲಕ್ಕೆ ಮಣ್ಣು ತುಂಬಿದರೆ ತೂಬಿನ ಲೆಕ್ಕ ತಪ್ಪುತ್ತದೆ, ನೆರೆಯವನ ಗದ್ದೆಯಲ್ಲಿ ಉಪ್ಪು ನಿಲ್ಲುತ್ತದೆ. ಬೆಳೆ ಕೈಕೊಟ್ಟ ನೆರೆಯವನೂ ಮಾರುತ್ತಾನೆ. ಒಂದು ಸಹಿ ಒಂದು ಗದ್ದೆಯನ್ನಲ್ಲ, ಇಡೀ ಬಯಲನ್ನು ಮಾರುಕಟ್ಟೆಗೆ ತಳ್ಳುತ್ತದೆ.

ಗುಡ್ಡದ ಕಥೆಯೂ ಬೇರೆಯಲ್ಲ. ಜಂಬಿಟ್ಟಿಗೆಯ ನೆತ್ತಿ ಮಳೆಗಾಲದ ನೀರನ್ನು ಹೀರಿ ಬೇಸಿಗೆಯಲ್ಲಿ ಬುಡದ ಬಾವಿ, ಒರತೆಗಳಿಗೆ ಹನಿಹನಿಯಾಗಿ ಬಿಡುತ್ತದೆ. ಇಳಿಜಾರನ್ನು ಕಡಿದು, ಮೇಲ್ಮೈಗೆ ಕಾಂಕ್ರೀಟು ಹಾಸಿದರೆ ಜೂನ್ ತಿಂಗಳಲ್ಲಿ ಕೆಸರು, ಏಪ್ರಿಲ್ ತಿಂಗಳಲ್ಲಿ ಟ್ಯಾಂಕರ್. ಆ ಟ್ಯಾಂಕರಿನ ಗುತ್ತಿಗೆಯೂ ಯಾರದೆಂಬುದನ್ನು ಮೇಲೆ ಹೇಳಿಯಾಗಿದೆ.

ಮಾರುವವನ ಮಾತು

ಪರಿಸರದ ಮಾತನಾಡುವವರು ತಪ್ಪಿಸಿಕೊಳ್ಳಬಾರದ ಪ್ರಶ್ನೆಯೊಂದಿದೆ. ಬೇಸಾಯ ನಷ್ಟದಲ್ಲಿದೆ, ಮಕ್ಕಳು ಪಟ್ಟಣ ಸೇರಿದ್ದಾರೆ, ಕೂಲಿಯಾಳು ಸಿಗುವುದಿಲ್ಲ. ಹೀಗಿರುವಾಗ ರೈತ ತನ್ನ ನೆಲ ಮಾರಿಕೊಂಡರೆ ತಪ್ಪೇನು? ತಪ್ಪಿಲ್ಲ. ರೈತನ ಕಷ್ಟ ನಿಜ, ಅವನ ಹಕ್ಕೂ ನಿಜ. ಆದರೆ ಲೆಕ್ಕವನ್ನು ಪೂರ್ತಿ ನೋಡಬೇಕು. ರೈತ ಮಾರುವುದು ಸಾಮಾನ್ಯವಾಗಿ ಗದ್ದೆಯ ಬೆಲೆಗೆ, ತೋಟದ ಬೆಲೆಗೆ. ವಲಯ ಬದಲಾಗುವುದು ನೋಂದಣಿ ಮುಗಿದ ನಂತರ. ನಡುವಿನ ಅಂತರವಿಡೀ ಸಚಿವಾಲಯದ ಬಾಗಿಲು ಬಲ್ಲವನಿಗೆ ಸೇರುತ್ತದೆ. ರಸ್ತೆ, ನೀರು, ವಿದ್ಯುತ್ತು ಊರಿನ ಹಣದಲ್ಲಿ ಬರುತ್ತವೆ. ಅವುಗಳಿಂದ ಏರಿದ ಬೆಲೆ ಒಬ್ಬನ ಜೇಬಿಗೆ ಹೋಗುತ್ತದೆ. ನಾಳೆ ಆ ರೈತನ ಮಗನೇ ಊರಿನಲ್ಲಿ ಮನೆ ಕಟ್ಟಲು ಹೊರಟರೆ ಐದು ಸೆಂಟ್ಸ್ ಜಾಗವೂ ಕೈಗೆಟುಕದು. ರೈತನ ಹಕ್ಕಿನ ಹೆಸರಿನಲ್ಲಿ ನಡೆಯುವ ಈ ವ್ಯವಹಾರದಲ್ಲಿ ಅತಿ ಕಡಿಮೆ ಪಾಲು ರೈತನದೇ.

ಮಲೆನಾಡಿಗೆ ಇರುವ ಸಮಯ

ಕರ್ನಾಟಕದಲ್ಲಿ 2020ರ ಭೂಸುಧಾರಣಾ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ಹಳೆಯ ತಡೆ ಅದರೊಂದಿಗೆ ಹೋಯಿತು. ಉಳಿದಿರುವುದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆಯ ಹಂತ. ಆ ತೀರ್ಮಾನ ಜಿಲ್ಲಾಡಳಿತದಲ್ಲಿ ಆಗುತ್ತದೆ. ಗ್ರಾಮಸಭೆಗೆ ಸುದ್ದಿ ತಲುಪುವುದು ಸಾಮಾನ್ಯವಾಗಿ ಜೆಸಿಬಿ ಬಂದ ಮೇಲೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬೆಟ್ಟಗಳಲ್ಲಿ ರೆಸಾರ್ಟುಗಳು ಹೇಗೆ ಎದ್ದವು ಎಂಬುದನ್ನು ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಗಾಡ್ಗೀಳ್ ವರದಿಯನ್ನು ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂಬುದು ಆ ಸಮಿತಿಯದೇ ಆಶಯವಾಗಿತ್ತು. ವರದಿ ಓದಲು ಸಿಗುವ ಮೊದಲೇ ಅದರ ಭಯ ಹಳ್ಳಿಗಳಿಗೆ ತಲುಪಿತು. ರೈತನ ಕೊಟ್ಟಿಗೆ ಕಟ್ಟಲೂ ಬಿಡುವುದಿಲ್ಲ ಎಂಬ ಪುಕಾರು ಎದ್ದಾಗ ಅದರ ಲಾಭ ಯಾರಿಗೆ ಎಂದು ಕೇಳಿದವರು ಕಡಿಮೆ.

ಗೋವೆಯ ಹಳ್ಳಿಗರು ಕಲಿಸುವ ಪಾಠ ಸರಳವಾದದ್ದು. ಕೊಳ್ಳುವವನು ಬರುವ ಮೊದಲು ಊರಿನ ಬಳಿ ಊರಿನದೇ ನಕ್ಷೆ ಇರಬೇಕು. ಒರತೆ, ಕೆರೆ, ಕಾನು, ಸೊಪ್ಪಿನಬೆಟ್ಟ, ಗೋಮಾಳ, ಕುಸಿಯುವ ಇಳಿಜಾರು, ಎಲ್ಲವನ್ನೂ ಸರ್ವೆ ನಂಬರಿನೊಂದಿಗೆ ದಾಖಲಿಸಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದಿದೆ. ಜನತಾ ಜೀವವೈವಿಧ್ಯ ದಾಖಲಾತಿ ಆ ಕೆಲಸಕ್ಕೆ ಸಿದ್ಧವಿರುವ ಚೌಕಟ್ಟು. ಬಹಳ ಕಡೆ ಅದು ಕಪಾಟಿನಲ್ಲಿದೆ. ಹೊರತೆಗೆಯುವ ಕೆಲಸ ಕಾಲೇಜಿನ ವಿದ್ಯಾರ್ಥಿಗಳು ಒಂದು ಬೇಸಿಗೆ ರಜೆಯಲ್ಲಿ ಮಾಡಬಹುದಾದದ್ದು. ಭೂಪರಿವರ್ತನೆಯ ಪ್ರತಿಯೊಂದು ಅರ್ಜಿಯನ್ನೂ ಪಂಚಾಯಿತಿಯ ಫಲಕದಲ್ಲಿ ಅಂಟಿಸಬೇಕೆಂದು ಗ್ರಾಮಸಭೆ ನಿರ್ಣಯಿಸಲಿ, ನಿರ್ಣಯ ನಡಾವಳಿ ಪುಸ್ತಕದಲ್ಲಿ ಸೇರುವತನಕ ಜನ ಎದ್ದು ಹೋಗದಿರಲಿ. ಮತ ಕೇಳಲು ಬಂದವರಿಗೆ ಒಂದೇ ಪ್ರಶ್ನೆ ಸಾಕು: ಊರಿನ ನೆಲದ ಬಳಕೆ ಬದಲಾಗುವಾಗ ಊರನ್ನು ಕೇಳುವ ಕಾನೂನಿಗೆ ನಿಮ್ಮ ಬೆಂಬಲ ಇದೆಯೋ ಇಲ್ಲವೋ?

ಗೋವೆಯ ಜನ 2007ರಲ್ಲಿ ಗೆದ್ದರು, ಆಮೇಲೆ ಪದೇ ಪದೇ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅವರು ಸೋತರೆಂದು ಇದರ ಅರ್ಥವಲ್ಲ. ನಕ್ಷೆ ಮಾಡುವ ಹಕ್ಕು ಒಮ್ಮೆ ಗೆದ್ದು ಮನೆಯಲ್ಲಿ ತೂಗುಹಾಕುವ ಪದಕವಲ್ಲ. ಖಾಜನ್ ಗದ್ದೆಯ ಒಡ್ಡಿನಂತೆ ಪ್ರತಿ ಮಳೆಗಾಲಕ್ಕೂ ಮುಂಚೆ ಊರು ಕೂಡಿ ಮಣ್ಣು ಹಾಕಬೇಕಾದದ್ದು.